ಗುಡ್ಡ ಹತ್ತದ ಶೂ

ಫಕೀರಪ್ಪನ ಎರಡೂ ಅಂಗಾಲುಗಳಿಗೆ ಸ್ಪರ್ಶ ಇರಲಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಅವನ ಎಡಗಾಲಿನ ಶೂ.

ನಾನು ಹುಟ್ಟಿದ್ದು ಕಾರ್ಖಾನೆಯಲ್ಲಿ. ದಪ್ಪ ರಬ್ಬರಿನ ಅಟ್ಟೆಗೆ ಬಟ್ಟೆಯ ಮೈ ಅಂಟಿಸಿದರು, ಒಳಗೆ ಕಾಗದದ ಉಂಡೆ ತುರುಕಿದರು, ಬಲಗಾಲಿನ ಜೊತೆಗಾರನ ಪಕ್ಕ ಮಲಗಿಸಿ ಡಬ್ಬಿ ಮುಚ್ಚಿದರು. ಕೊಪ್ಪಳದ ಅಂಗಡಿಯೊಂದರ ಕಪಾಟಿನಲ್ಲಿ ಒಂದಿಡೀ ಬೇಸಿಗೆ ಆ ಕತ್ತಲೆಯಲ್ಲೇ ಕಳೆಯಿತು.

ಫಕೀರಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ತಪಾಸಣೆಯಲ್ಲಿ ಅವನ ರಕ್ತದ ಸಕ್ಕರೆ ವಿಪರೀತ ಏರಿದ್ದು ಕಂಡಿತು. ಯುಗಾದಿಯ ನಂತರ ಮತ್ತೊಂದು ತಪಾಸಣೆ. ಆಗಲೂ ಇಳಿಯದಿದ್ದರೆ ಸ್ಟೀರಿಂಗ್ ಬಿಟ್ಟು, ಡಿಪೋದ ಗೇಟಿನಲ್ಲಿ ಕೂತು ಒಳಬರುವ ಬಸ್ಸುಗಳ ನಂಬರು ಬರೆಯಬೇಕು. ಅವನಿಗೆ ಅದಕ್ಕಿಂತ ದೊಡ್ಡ ಅವಮಾನವಿರಲಿಲ್ಲ. ಜಿಮ್ ಸೇರಿದ. ಅದಕ್ಕಾಗಿ ನನ್ನನ್ನು ಕೊಂಡ.

ಜಿಮ್ ಇದ್ದದ್ದು ನೆಲಮಾಳಿಗೆಯಲ್ಲಿ. ಹೊರಗೆ ಮೆಟ್ಟಿದ್ದನ್ನು ಒಳಗೆ ತರುವಂತಿರಲಿಲ್ಲ. ಹಾಗಾಗಿ ಅವನು ಮನೆಗೆ ಹೋದ ಮೇಲೂ ನಾನು ಅಲ್ಲಿನ ತಗಡಿನ ಪೆಟ್ಟಿಗೆಯಲ್ಲೇ ಬೀಗದೊಳಗಿರುತ್ತಿದ್ದೆ. ಹೊರಗೆ ತೆಗೆದರೆ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿ. ಎಷ್ಟು ಓಡಿದರೂ ಎದುರಿಗೆ ಅದೇ ಗೋಡೆ.

"ದಿನಾ ಕುಂತಲ್ಲೇ ಕುಂತು ಹುಬ್ಬಳ್ಳಿಗೆ ಹೋಗಿ ಬರ್ತೀನಿ. ಇಲ್ಲಿ ಓಡಿ ಓಡಿ ಸತ್ರೂ ಒಂದ್ ಗೇಣು ಮುಂದ ಹೋಗಂಗಿಲ್ಲೋ" ಎಂದು ಅವನು ಒಂದು ಸಂಜೆ ಅಲ್ಲಿಗೆ ಬಂದಿದ್ದ ತನ್ನ ಕಂಡಕ್ಟರ್ ಹುಸೇನಸಾಬನ ಮುಂದೆ ಗೋಳಾಡಿದ.

"ನಮ್ಮ ಟಿಕೆಟ್ ತಗೊಂಡ್ರ ಊರಾದ್ರೂ ಬರತೈತಿ" ಎಂದು ಹುಸೇನಸಾಬ ನಕ್ಕ. "ನಾಳಿಂದ ನನ್ ಜೋಡಿ ಗುಡ್ಡಕ್ಕ ಬಾ. ಪುಕ್ಕಟೆ."

ಅವತ್ತೇ ನನ್ನನ್ನು ಮನೆಗೆ ಒಯ್ದ. ಮರುದಿನ ಬೆಳಿಗ್ಗೆ ನಾನು ಮೊದಲ ಬಾರಿ ಮಣ್ಣು ಮುಟ್ಟಿದೆ. ಊರು ದಾಟಿ, ಜಾಲಿಗಿಡಗಳ ನಡುವಿನ ಕಾಲುದಾರಿ ಹಿಡಿದು ಕಲ್ಲಯ್ಯಜ್ಜನ ಗುಡ್ಡದ ಬುಡಕ್ಕೆ ಬಂದೆವು. ಬಂಡೆಗಳ ಸಂದಿಯಲ್ಲಿ ದಾರಿ ಮೇಲಕ್ಕೇರುತ್ತಿತ್ತು. ನನ್ನ ಅಟ್ಟೆಯ ಹಲ್ಲುಗಳು ಇರುವುದೇ ಇಂಥ ಕಲ್ಲನ್ನು ಕಚ್ಚಿ ಹಿಡಿಯುವುದಕ್ಕೆ. ಅಷ್ಟರಲ್ಲಿ ಫಕೀರಪ್ಪ ಬಗ್ಗಿ ಲೇಸು ಬಿಚ್ಚತೊಡಗಿದ.

"ಯಾಕೋ?"

"ಮ್ಯಾಲ ಅಜ್ಜನ ಗುಡಿ ಐತಿ. ಗುಡ್ಡ ಪೂರಾ ಅಜ್ಜಂದು. ನಮ್ಮಪ್ಪ ಮೆಟ್ಕೊಂಡು ಹತ್ತಿಲ್ಲ, ನಾ ಹತ್ತಂಗಿಲ್ಲ."

"ಪೂಜಾರಪ್ಪ ದಿನಾ ಟೈರಿನ ಚಪ್ಲಿ ಹಾಕ್ಕೊಂಡು ಗುಡಿ ಬಾಗಿಲ ತನಾ ಹೋಗ್ತಾನಲ್ಲೋ!"

"ಅವ್ರು ದೇವರ ಮನಿ ಮಂದಿ. ನಮಗೂ ಅವ್ರಿಗೂ ಸರಿನಾ?"

ಹುಸೇನಸಾಬ ತನ್ನ ಚಪ್ಪಲಿಯನ್ನೂ ಬಿಟ್ಟ. ನಾಯಿ ಕಚ್ಚಿಕೊಂಡು ಹೋಗದಿರಲೆಂದು ನನ್ನ ಮತ್ತು ಬಲಗಾಲಿನವನ ಲೇಸು ಗಂಟು ಹಾಕಿ, ಬುಡದ ಕಬ್ಬಿಣದ ಕಂಬಿಗೆ ನೇತುಹಾಕಿದರು. ಆವತ್ತಿನಿಂದ ಅದೇ ನನ್ನ ಜಾಗ. ಗುಡ್ಡದ ಮೇಲೆ ಏನಿದೆಯೋ ನಾನು ನೋಡಿಲ್ಲ. ಪೂಜಾರಿಯ ಟೈರಿನ ಚಪ್ಪಲಿಗಳು ಮಾತ್ರ ದಿನವೂ ನನ್ನೆದುರೇ ಮೇಲೆ ಹೋಗಿ ಕೆಳಗೆ ಬರುತ್ತಿದ್ದವು.

ಒಂದು ದಿನ ವಾಪಸು ಬರುವಾಗ ಕಡಲೆಕಾಳಿನಷ್ಟು ಕಲ್ಲೊಂದು ನನ್ನೊಳಗೆ ಸೇರಿತು. ಫಕೀರಪ್ಪ ಹಾಗೆಯೇ ಡ್ಯೂಟಿಗೆ ಹೋದ. ಕ್ಲಚ್ ಒತ್ತಿದಾಗಲೆಲ್ಲ ಕಲ್ಲು ಅವನ ಬೆರಳಿನ ಬುಡಕ್ಕೆ ನೆಡುತ್ತಿತ್ತು. ಅವನು ಸಂಜೆಯ ತನಕ ಹಾಡು ಗುನುಗುತ್ತಾ ಬಸ್ಸು ಓಡಿಸಿದ. ನನಗೆ ತಿಳಿದದ್ದು ಆಗಲೇ. ಹೇಳುವ ದಾರಿ ಇರಲಿಲ್ಲ.

ಗುಡ್ಡ ಮಾತ್ರ ಕೆಲಸ ಮಾಡಿತು. ಹೊಟ್ಟೆ ಇಳಿಯಿತು, ಏದುಸಿರು ನಿಂತಿತು. ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಿಕೊಟ್ಟವಳು ಅವನ ಹೆಂಡತಿ ನೀಲವ್ವ. "ಸಕ್ಕರಿ ಇದ್ದವ್ರು ಬರಿಗಾಲಾಗ ತಿರುಗಬಾರ್ದಂತ್ರೀ" ಎಂದೂ ಅವಳೇ ಹೇಳಿದ್ದಳು. "ಅಜ್ಜ ಅದಾನ, ನೋಡ್ಕೊಂತಾನ" ಎಂದು ಇವನು ಬಾಯಿ ಮುಚ್ಚಿಸಿದ್ದ.

ತಪಾಸಣೆಯ ಹಿಂದಿನ ವಾರ ಪಾಳಿ ಬದಲಾಗಿ ಬೆಳಗಿನ ನಡಿಗೆ ತಪ್ಪಿತು. ಫಕೀರಪ್ಪ ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಲ್ಲೇ ಹೊರಟ. ಕೊಪ್ಪಳದ ಏಪ್ರಿಲ್ ಬಿಸಿಲು. ನಾನು ನೇತಾಡುತ್ತಿದ್ದ ಕಂಬಿಯೇ ಮುಟ್ಟುವಂತಿರಲಿಲ್ಲ. ಹುಸೇನಸಾಬ ಹತ್ತು ಹೆಜ್ಜೆ ಹತ್ತಿದವನು ಕುಣಿಯುತ್ತಾ ಕೆಳಗೋಡಿ ಬಂದ. "ಬಂಡಿಗಲ್ಲಲ್ಲೋ ಇದು, ರೊಟ್ಟಿ ಹಂಚು! ಇಳಿ ಕೆಳಗ!"

ಫಕೀರಪ್ಪ ತುದಿ ಮುಟ್ಟಿಯೇ ಇಳಿದ. "ನಿಂದೇನು ಬೆಣ್ಣಿ ಕಾಲೇನೋ? ನನಗ ನೋಡು, ಏನೂ ಆಗಿಲ್ಲ. ಅಜ್ಜನ ಆಶೀರ್ವಾದ" ಎಂದು ಹೆಮ್ಮೆಯಿಂದ ಕಾಲನ್ನು ನನ್ನೊಳಗೆ ತೂರಿಸಿದ. ಹೆಬ್ಬೆರಳ ಕೆಳಗೆ ಚರ್ಮ ಬೆಂದು ಬೊಬ್ಬೆ ಎದ್ದಿತ್ತು. ಎರಡು ಹೆಜ್ಜೆಗೆ ಒಡೆಯಿತು. ನಾನು ಒದ್ದೆಯಾದೆ.

ತಪಾಸಣೆಯ ದಿನ ತೂಕ ನೋಡುವಾಗ ಅವನು ನನ್ನನ್ನು ಬಿಚ್ಚಲು ಬಗ್ಗಿದ. ಸಾಲು ಉದ್ದವಿತ್ತು. "ಇರ್ಲಿ ಬಿಡ್ರಿ, ಶೂದು ಒಂದ್ ಕಿಲೋ ಕಳೀತೀನಿ" ಎಂದರು ಡಾಕ್ಟರು. ಕಳೆದರು. ಸಕ್ಕರೆ ಇಳಿದಿತ್ತು, ರಕ್ತದೊತ್ತಡ ಸರಿಯಿತ್ತು. ಡ್ಯೂಟಿಗೆ ಯೋಗ್ಯ ಎಂದು ಸಹಿ ಬಿತ್ತು. ಹುಸೇನಸಾಬ ಬಾಗಿಲಲ್ಲಿ ನಿಂತು, ಬಸ್ಸು ಬಿಡಲು ಹೇಳುವಾಗಿನಂತೆ ಎರಡು ಸೀಟಿ ಊದಿದ. ನನ್ನೊಳಗೆ ಆಗಲೇ ಕೀವು ತುಂಬುತ್ತಿತ್ತು.

ಮೊದಲು ವಾಸನೆ ಹಿಡಿದವಳು ನೀಲವ್ವ. "ಇಲಿ ಸತ್ತೈತೇನ್ರಿ ಎಲ್ಲ್ಯಾರ?" ಎಂದು ಮೂಲೆ ಮೂಲೆ ಗುಡಿಸುತ್ತಾ ಬಂದು ನನ್ನನ್ನು ಎತ್ತಿಕೊಂಡಳು. ಮೂಗಿನ ಹತ್ತಿರ ತಂದಳು. ಕೆಳಗಿಡಲಿಲ್ಲ, ಕೈಯಿಂದ ಬಿಟ್ಟಳು. ಗಂಡನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ನೋಡಿದಳು. ಹೆಬ್ಬೆರಳು, ಅದರ ಪಕ್ಕದ್ದು, ಎರಡೂ ಕಪ್ಪಾಗಿದ್ದವು.

"ನೋವಾಗಲಿಲ್ಲೇನ್ರೀ?"

"ಇಲ್ಲಲ್ಲ" ಎಂದ ಫಕೀರಪ್ಪ. ಸುಳ್ಳಾಗಿರಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಅವನು ಮೆತ್ತನೆಯ ಚಪ್ಪಲಿ ಹಾಕಿಕೊಂಡು ಬಂದ. ಕ್ಲಚ್ ಒತ್ತುವ ಕಾಲನ್ನು ಇನ್ನು ನಂಬುವಂತಿರಲಿಲ್ಲ. ಈಗ ಗೇಟಿನಲ್ಲಿ ಕೂತು ಬಸ್ಸುಗಳ ನಂಬರು ಬರೆಯುತ್ತಾನೆ. ನಮ್ಮಿಬ್ಬರನ್ನು ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಅಟ್ಟದ ಮೇಲೆ ಎಸೆದಿದ್ದಾರೆ. ಬಲಗಾಲಿನವನು ಹೊಸದರಂತೆಯೇ ಇದ್ದಾನೆ. ನಾನಿಲ್ಲದೆ ಅವನೂ ಯಾರಿಗೂ ಬೇಡ.

ಕೆಳಗಿನಿಂದ ಒಮ್ಮೆ ಹುಸೇನಸಾಬನ ದನಿ ಕೇಳಿತು. "ಗುಡ್ಡಕ್ಕ ಬರ್ತೀಯೇನೋ? ಮೆಟ್ಕೊಂಡ ಹತ್ತೂಣು ಈಗ. ನಾನೂ ಹಂಗ ಹತ್ತಾಕ್ಹತ್ತೀನಿ."

ಫಕೀರಪ್ಪ "ಅಜ್ಜ ಏನಂದಾ?" ಎಂದ.

"ಏನೂ ಅನ್ನಲಿಲ್ಲ" ಎಂದ ಹುಸೇನಸಾಬ.

ಕಳೆದದ್ದು ಇಷ್ಟು: ಒಂಬತ್ತು ಕಿಲೋ ತೂಕ, ಎರಡು ಬೆರಳು, ಒಂದು ಸ್ಟೀರಿಂಗ್.