ಲಾರಿಯಿಂದ ಇಳಿಸಿದ ಪಾಚಿ ಪುಸ್ತಕ

ಅಮೆರಿಕದ ಅಯೋವಾ ರಾಜ್ಯದ ಆ ಪುಟ್ಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೇಲಿನ ಮಹಡಿಗಳೆಲ್ಲ ಗ್ರಂಥಪಾಲ ರಸ್ಸೆಲ್‌ನವು, ನೆಲಮಾಳಿಗೆ ಅವನ ಹೆಂಡತಿ ಡೋರೀನ್‌ಳದು. ಅವಳು ವಿಶ್ವವಿದ್ಯಾಲಯದ ಪ್ರಕಾಶನದ ಮುಖ್ಯಸ್ಥೆ. ಇಬ್ಬರೂ ಒಂದೇ ಕಾರಿನಲ್ಲಿ ಬಂದು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಹಿಂಬಾಗಿಲಿಗೆ ಲಾರಿ ಬಂತು. ದೊಡ್ಡ ಕಂಪನಿಯೊಂದು ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಬಿಟ್ಟಿಯಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತದಂತೆ. ಪೆಟ್ಟಿಗೆಗಳಲ್ಲಿ ತಾನು ಪ್ರಕಟಿಸಿದ ಪುಸ್ತಕಗಳನ್ನೂ ಕಂಡು ಡೋರೀನ್ ಲಾರಿಗೆ ಅಡ್ಡ ನಿಂತಳು.

“ಹಕ್ಕು ನಮ್ಮದು. ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಂಗೆ?”

“ದುಡ್ಡು ಕೊಟ್ಟು ತಗೊಂಡಿರೋ ಪುಸ್ತಕ ಕಣೇ,” ಎಂದ ರಸ್ಸೆಲ್.

“ತಗೊಂಡಿರೋದು ಒಂದು ಪ್ರತಿ. ಊರಿಗೆಲ್ಲ ಹಂಚೋ ಹಕ್ಕಲ್ಲ.”

ಕಂಪ್ಯೂಟರಿನಲ್ಲಿ ಹುಡುಕಿದವರಿಗೆ ನಾಲ್ಕು ಸಾಲಷ್ಟೇ ಕಾಣುತ್ತದೆಂದು ಅವನು ಸಮಾಧಾನ ಹೇಳಿದ. ಇವತ್ತು ನಾಲ್ಕು ಸಾಲು, ನಾಳೆ ಇಡೀ ಪುಸ್ತಕ ಎಂದು ಅವಳು ಜಗ್ಗಲಿಲ್ಲ. ವಿಶ್ವವಿದ್ಯಾಲಯದ ವಕೀಲನ ಬಳಿ ಹೋದರೆ, ಎರಡೂ ಕಡೆಗೆ ತಾನೊಬ್ಬನೇ ವಕೀಲನೆಂದು ಅವನು ಕೈಚೆಲ್ಲಿದ. ಕೊನೆಗೆ ರಸ್ಸೆಲ್ ಅವಳ ಪುಸ್ತಕಗಳನ್ನೆಲ್ಲ ಇಳಿಸಿಕೊಂಡ. ಆ ವಾರ ಕಾರಿನಲ್ಲಿ ರೇಡಿಯೊ ಒಂದೇ ಮಾತಾಡಿತು.

ಗೆದ್ದೆನೆಂದು ಡೋರೀನ್ ಬೀಗುತ್ತಿರುವಾಗ ನಿವೃತ್ತ ಪ್ರೊಫೆಸರ್ ಕ್ವಿಗ್ಲಿ ಕೋಲೂರಿಕೊಂಡು ಮೆಟ್ಟಿಲಿಳಿದು ಬಂದರು. ಅಯೋವಾದ ಪಾಚಿಗಳ ಬಗ್ಗೆ ಅವರು ಬರೆದ ದಪ್ಪ ಪುಸ್ತಕವನ್ನು ಪ್ರಕಟಿಸಿದವಳು ಅವಳೇ. ಕೊಂಡವರಲ್ಲಿ ಹೆಚ್ಚಿನವರು ಅವರ ನೆಂಟರು. ಧನ್ಯವಾದ ಹೇಳಲು ಬಂದಿರಬೇಕೆಂದು ಅವಳು ಕುರ್ಚಿ ಎಳೆದು ಕೊಟ್ಟಳು.

“ನನ್ನ ಪುಸ್ತಕ ಲಾರಿಯಿಂದ ಇಳಿಸಿದ್ದು ಯಾರಮ್ಮ?”

“ನಾನೇ ಸಾರ್. ಕದಿಯೋಕೆ ಬಿಡಲಿಲ್ಲ.”

“ಇಷ್ಟು ವರ್ಷಕ್ಕೆ ಕದಿಯೋರು ಒಬ್ರು ಸಿಕ್ಕಿದ್ರು. ಅವರನ್ನೂ ಓಡಿಸಿಬಿಟ್ರಾ?”

ಕ್ವಿಗ್ಲಿಯವರ ಪಕ್ಕದ ಮನೆಯ ಪ್ರೊಫೆಸರನ ಕಪ್ಪೆ ಪುಸ್ತಕ ಬೇರೆ ಪ್ರಕಾಶನದ್ದಾದ್ದರಿಂದ ಆಗಲೇ ಲಾರಿ ಹತ್ತಿತ್ತಂತೆ. ಆತ ಬೇಲಿಯಾಚೆಯಿಂದ ದಿನಾ ಅದನ್ನೇ ಹೇಳುತ್ತಿದ್ದನಂತೆ.

ಡೋರೀನ್‌ಗೆ ನಗು ಬಂತು, ಜೊತೆಗೆ ಸ್ವಲ್ಪ ನಾಚಿಕೆಯೂ. ಲೇಖಕರ ಪರ ಲಾರಿಗೆ ಅಡ್ಡ ನಿಂತವಳು ಒಬ್ಬ ಲೇಖಕನನ್ನೂ ಕೇಳಿರಲಿಲ್ಲ. ಮರುದಿನದಿಂದ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಮುಕ್ಕಾಲು ಮಂದಿ ಸಂತೋಷದಿಂದ ಒಪ್ಪಿದರು. ಪೈ ಎಂಬ ಹಣ್ಣಿನ ಕಡುಬು ಮಾಡುವ ಪುಸ್ತಕ ಬರೆದ ಮುದುಕಿ ಮಾತ್ರ, ತನ್ನ ಹಿಟ್ಟಿನ ಅಳತೆ ಬೇಕಾದವರು ಅಂಗಡಿಗೆ ಹೋಗಿ ಪುಸ್ತಕ ಕೊಳ್ಳಲಿ ಎಂದು ಫೋನಿಟ್ಟಳು. ಆ ಪುಸ್ತಕ ಇನ್ನೂ ಚೆನ್ನಾಗಿ ಮಾರುತ್ತಿತ್ತು.

ಮುಂದಿನ ಲಾರಿಗೆ ಪಾಚಿ ಪುಸ್ತಕ ಹತ್ತಿತು, ಪೈ ಪುಸ್ತಕ ಉಳಿಯಿತು. ಆದರೂ ಡೋರೀನ್ ಮೆತ್ತಗಾಗಲಿಲ್ಲ. ಕೇಳದೆ ಸ್ಕ್ಯಾನ್ ಮಾಡಬಾರದೆಂದು ಪ್ರಕಾಶಕರೆಲ್ಲ ಸೇರಿ ಆ ಕಂಪನಿಗೆ ಬರೆದ ಆಕ್ಷೇಪಣೆಗೆ ಸಹಿ ಹಾಕಿದಳು. ಲಕೋಟೆಗೆ ಅಂಚೆಚೀಟಿ ಅಂಟಿಸಿ ಡಬ್ಬಿಗೆ ಹಾಕಿ ಬಂದವನು ರಸ್ಸೆಲ್.