ಬೇಲಿಯಾಚೆಯ ಬಾಣಂತಿ

ಎಂಬತ್ತೆರಡನೇ ಇಸವಿಯ ಆಷಾಢ. ಶೆಟ್ಟಿಕೆರೆ ಹತ್ತಿರದ ಆ ಗೊಲ್ಲರಹಟ್ಟಿಯಲ್ಲಿ ಬೆಳಗಿನ ಕೆಲಸ ಎಂದಿನಂತೆ ನಡೆದಿತ್ತು. ಪೂಜಾರಿ ಕರಿಯಪ್ಪ ಕುರಿರೊಪ್ಪದ ಬಾಗಿಲು ತೆಗೆಯುತ್ತಿದ್ದ, ಹೆಂಡತಿ ಚಿಕ್ಕಗೌರಮ್ಮ ರಾಗಿ ಬೀಸುತ್ತಿದ್ದಳು. ಸೊಸೆ ಪುಟ್ಟಗಂಗಮ್ಮ ಮಾತ್ರ ಐದು ದಿನದ ಗಂಡುಕೂಸಿನೊಂದಿಗೆ ಹಟ್ಟಿಯ ಬೇಲಿಯಾಚೆ, ತೆಂಗಿನ ಗರಿ ಹೊದಿಸಿದ ಗುಡಿಸಿಲಲ್ಲಿದ್ದಳು. ಅವಳ ಗಂಡ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದ. ಬಿಡದ ಗಾಳಿ, ಸೋನೆ. ನೆಟ್ಟಗೆ ಕೂರಲಾಗದ ಆ ಗೂಡಿನಲ್ಲಿ ನಾಯಿಯನ್ನೂ ಕಟ್ಟುವುದಿಲ್ಲ; ಹಸಿಬಾಣಂತಿಯನ್ನು ಇಡುತ್ತಾರೆ! ಸೂತಕವಂತೆ. ದೇವರಿಗಾಗದಂತೆ.

ಕರಿಯಪ್ಪನ ಮಗಳು ಸಿದ್ದಮ್ಮನಿಗೆ ಇದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ತಿಪಟೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ಪಾಸು ಮಾಡಿದ ಹುಡುಗಿ. ವಾರ್ಡನ್ ಮೀನಾಕ್ಷಮ್ಮ ತಾವೇ ಅರ್ಜಿ ತುಂಬಿಸಿ, ಜೊತೆಗೇ ಬೆಂಗಳೂರಿಗೆ ಹೋಗಿ, ನರ್ಸಿಂಗ್ ಡಿಗ್ರಿಗೆ ಸೀಟು ಸಿಗುವಂತೆ ಮಾಡಿದ್ದರು. ಸೋಮವಾರದೊಳಗೆ ಒಪ್ಪಿಗೆ ಪತ್ರಕ್ಕೆ ಹೆತ್ತವರಲ್ಲೊಬ್ಬರ ರುಜು ಬೀಳಬೇಕು, ಇಲ್ಲವಾದರೆ ಸೀಟು ಇನ್ನೊಬ್ಬರ ಪಾಲು. ಹೋದ ವಾರ ಮೀನಾಕ್ಷಮ್ಮನವರೇ ಹಟ್ಟಿಗೆ ಬಂದು, ಇವಳು ಓದಿ ಬಂದರೆ ಉಳಿಯುವುದು ನಿಮ್ಮ ಹೆಣ್ಣುಮಕ್ಕಳೇ ಎಂದು ಎಷ್ಟು ತಿಳಿಹೇಳಿದರೂ ಕರಿಯಪ್ಪ ಜಗ್ಗಲಿಲ್ಲ. ಕಂಡವರ ಹೆರಿಗೆ ಮುಟ್ಟಿದ ಕೈಯನ್ನು ಹಟ್ಟಿಯೊಳಗೆ ಹೇಗೆ ಬಿಟ್ಟುಕೊಳ್ಳಲಿ ಎಂದ. ಕಡೆಗೆ ನೋಡಾನ ಎಂದದ್ದೇ ದೊಡ್ಡದಾಯಿತು.

ಆ ದಿನ ಶುಕ್ರವಾರ; ಕೂಸು ಮೊಲೆ ಹಿಡಿಯಲಿಲ್ಲ. ಮೈ ತಣ್ಣಗಾಗುತ್ತಿದೆ ಎಂದು ಪುಟ್ಟಗಂಗಮ್ಮ ಗುಡಿಸಿಲಿನಿಂದ ಕೂಗಿಕೊಂಡಳು. ಅತ್ತೆ ಬೇಲಿಯವರೆಗೆ ಓಡಿ, ಅಲ್ಲೇ ನಿಂತು ಅತ್ತಳು. ಸಿದ್ದಮ್ಮ ಕಂಬಳಿ ಎಳೆದುಕೊಂಡು ಹೊರಟಳು.

ಕರಿಯಪ್ಪ ಅಡ್ಡ ನಿಂತ. "ಮುಟ್ಟಿದ್ಯೋ, ರುಜು ಮರ್ತ್‌ಬುಡು ಕಣೇ."

"ನಿನ್ ಮೊಮ್ಮಗ ಕಣಪ್ಪ ಅದು," ಎಂದವಳೇ ದಾಟಿದಳು.

ಗಾಡಿ ಕೇಳಿದರೆ ಹಟ್ಟಿಯಲ್ಲಿ ಒಬ್ಬರೂ ಕೊಡಲಿಲ್ಲ. ಕೂಸನ್ನು ಎದೆಗವಚಿಕೊಂಡು, ಮೇಲೆ ಕಂಬಳಿ ಸುತ್ತಿಕೊಂಡು, ಅತ್ತಿಗೆಯ ಕೈ ಹಿಡಿದು, ಆಸ್ಪತ್ರೆಗೆ ಬಸ್ಸು ಹಿಡಿಯಲು ತೋಟದ ದಾರಿಯಲ್ಲಿ ಶೆಟ್ಟಿಕೆರೆಗೆ ನಡೆದಳು. ಐದು ದಿನದ ಬಾಣಂತಿ ಎಷ್ಟು ಬೇಗ ನಡೆದಾಳು! ಬಸ್ಸು ಬರುವ ಹೊತ್ತಿಗೆ ಕೂಸು ಹೋಗಿಬಿಟ್ಟಿತ್ತು.

ಮುಟ್ಟಿದವಳಿಗೂ ಈಗ ಸೂತಕ; ಇಬ್ಬರೂ ಅದೇ ಗುಡಿಸಿಲಿಗೇ ಬರಬೇಕಾಯಿತು. ಭಾನುವಾರ ಹಿರಿಯರು ಕೂಡಿದರು. ಕೂಸನ್ನು ಕೊಂದದ್ದು ಚಳಿಯಲ್ಲ, ಸೂತಕದಲ್ಲಿ ಕೈಯಿಟ್ಟ ಸಿದ್ದಮ್ಮನಂತೆ! ಆ ನ್ಯಾಯಕ್ಕಿಷ್ಟು ಬೆಂಕಿ ಹಾಕ. ಅವಳು ಮಿಂದು ಬಂದು, ನನ್ನಿಂದಲೇ ಸತ್ತಿತು, ತಪ್ಪಾಯಿತು ಎಂದು ದೇವರೆದುರು ಹೇಳಿದರೆ ರುಜು ಹಾಕುತ್ತೇನೆಂದು ಅಪ್ಪ ಪತ್ರ ಹಿಡಿದು ಬೇಲಿಯ ಬಳಿ ನಿಂತ. ಒಂದು ಮಾತು ಹೇಳಿದರೆ ನಾಳೆ ಬೆಂಗಳೂರು.

ಸಿದ್ದಮ್ಮ ಅತ್ತಿಗೆಯ ಕಡೆ ನೋಡಿದಳು. ಹಾಲು ಕಟ್ಟಿ ನೋಯುತ್ತಿದ್ದ ಎದೆಗೆ ಬಟ್ಟೆ ಬಿಗಿದುಕೊಂಡು ಅವಳು ಗುಡಿಸಿಲಿನ ಗೂಟಕ್ಕೆ ಒರಗಿದ್ದಳು.

"ಹೇಳಾಕಿಲ್ಲ," ಎಂದಳು ಸಿದ್ದಮ್ಮ. "ಮಗ ಸತ್ತಿದ್ದು ನಾ ಮುಟ್ಟಿದ್ದಕ್ಕಲ್ಲ. ನೀವ್ಯಾರೂ ಮುಟ್ದೆ ಇದ್ದಿದ್ದಕ್ಕೆ."

ಹಿರಿಯರು ಮುಖ ತಿರುಗಿಸಿದರು. ಕರಿಯಪ್ಪ ಪತ್ರ ಮಡಿಸತೊಡಗಿದ. ಆಗ ಚಿಕ್ಕಗೌರಮ್ಮ, ಇಂಥದೇ ಗುಡಿಸಿಲಲ್ಲಿ ಎರಡು ಕೂಸು ಕಳೆದುಕೊಂಡು ಇಷ್ಟು ವರ್ಷ ತುಟಿ ಬಿಚ್ಚದವಳು, ಗಂಡನ ಕೈಯಿಂದ ಅದನ್ನು ಕಿತ್ತುಕೊಂಡು ಬೇಲಿ ದಾಟಿ ಬಂದಳು. ಮಗಳ ಪಕ್ಕದಲ್ಲೇ, ಮುಟ್ಟಿಕೊಂಡೇ ಕೂತಳು.

"ಎಬ್ಬೆಟ್ಟು ಎಲ್ಲೊತ್ಲಿ, ತೋರ್ಸವ್ವ," ಎಂದಳು.

ರೊಟ್ಟಿ ಹೆಂಚಿನ ಮಸಿಯನ್ನು ಬೆರಳಿಗೆ ಮನೆಯಲ್ಲೇ ಬಳಿದುಕೊಂಡು ಬಂದಿದ್ದಳು.