ಗೆಂಪಾಚಿ ತಾತನನ್ನು ಬಿಟ್ಟುಕೊಡುವವರು

ಕೊನೆಯ ಪೊಟ್ಟಣ ಹರಿಯುವಾಗ ಮಿಚಿರು ಉಸಿರು ಬಿಗಿಹಿಡಿದಿದ್ದಳು. ಒಳಗಿನಿಂದ ಬಂದ ಬ್ಯಾಡ್ಜಿನ ಮೇಲೆ ಮತ್ತೆ ಸೊರಾ. ಗಾಳಿಗೆ ಕೂದಲು ಹಾರಿಸಿಕೊಂಡು ನಗುವ ಹಡಗಿನ ನಾಯಕ.

"ಮತ್ತೆ ಇವ್ನೇ," ಎಂದಳು ನನ್ನ ಮಗಳು, ಕರೆಯದೆ ಊಟಕ್ಕೆ ಬಂದ ನೆಂಟನನ್ನು ನೋಡುವಂತೆ ನೋಡಿ.

ಅವಳಿಗೆ ಬೇಕಿದ್ದವನು ಗೆಂಪಾಚಿ. ಅವಳು ನೋಡುವ, ಮೋಡಗಳ ಮೇಲೆ ಓಡುವ ಹಡಗಿನ ಕಾರ್ಟೂನ್ ಧಾರಾವಾಹಿಯಲ್ಲಿ ಗೆಂಪಾಚಿ ಅಡುಗೆಮನೆಯ ಪಾತ್ರೆ ತೊಳೆಯುವ ಮುದುಕ. ಕಾಣಿಸಿಕೊಳ್ಳುವುದೇ ಅಪರೂಪ, ಮಾತಾಡುವುದು ಇನ್ನೂ ಅಪರೂಪ. ಅವನ ಮುಖದ ಬ್ಯಾಡ್ಜು ಮಾಡಿದ್ದು ಕೊಲ್ಲಿಯ ದಂಡೆಯ ಅರಿಯಾಕೆ ಸಭಾಂಗಣದ ಈ ಉತ್ಸವಕ್ಕೆ ಮಾತ್ರ, ಅದಕ್ಕೂ ಇವತ್ತೇ ಕೊನೆಯ ದಿನ. ಯಾವ ಪೊಟ್ಟಣದಲ್ಲಿ ಯಾರಿದ್ದಾರೆಂದು ಹೊರಗಿನಿಂದ ತಿಳಿಯುವುದಿಲ್ಲ. ಒಬ್ಬರಿಗೆ ಇಷ್ಟೇ ಎಂಬ ಮಿತಿಯೂ ಇತ್ತು. ಅವಳ ಪಾಲಿನದು, ನನ್ನ ಪಾಲಿನದು ಎಲ್ಲವನ್ನೂ ಹರಿದಾಗಿತ್ತು. ಹೊಸವರ್ಷಕ್ಕೆ ಅಜ್ಜಿ ಕೊಟ್ಟ ದುಡ್ಡೆಲ್ಲ ಸೊರಾನ ನಗುವಾಗಿ ನನ್ನ ಮಡಿಲಲ್ಲಿ ಬಿದ್ದಿತ್ತು.

"ಹೋಗ್ಲಿ ಬಿಡು ಪುಟ್ಟಿ."

"ಯಾಕೆ ಬಿಡ್ಬೇಕು? ಹೊರಗಡೆ ಬದಲಾಯಿಸ್ಕೊಳ್ಳೋಣ. ಗೆಂಪಾಚಿ ಸಿಕ್ಕಿದವರು ತಾತನನ್ನ ಚೀಲದ ತಳಕ್ಕೆ ಹಾಕಿ ಮರೆತುಬಿಟ್ಟಿರ್ತಾರೆ, ಅಷ್ಟೇ."

ಸಭಾಂಗಣದ ಹೊರಗೆ ಕೊಲ್ಲಿಯ ಗಾಳಿ ಬೀಸುತ್ತಿತ್ತು. ಚೌಕದ ತುಂಬ ಚಾಪೆ ಹಾಸಿಕೊಂಡು ಕುಳಿತ ಹುಡುಗಿಯರು. ಎದೆಯ ಮುಂದೆ ಹಿಡಿದ ರಟ್ಟಿನ ತುಂಡುಗಳು. ಮಿಚಿರು ನನ್ನ ಕೈಗೂ ಒಂದು ರಟ್ಟು, ಒಂದು ಪೆನ್ನು ತುರುಕಿದಳು.

"ನಾನು ಟಾಯ್ಲೆಟ್ ಸಾಲಲ್ಲಿ ನಿಂತು ಬರ್ತೀನಿ. ಅಷ್ಟೊತ್ತಿಗೆ ನಾನೇ ಮುದುಕಿ ಆಗಿರ್ತೀನೋ ಏನೋ. ನೀನು ಬರೆದು ಹಿಡ್ಕೊಂಡು ನಿಂತಿರು. ಎಲ್ಲರದ್ದೂ ನೋಡಿ ಹಾಗೇ ಬರಿ, ಸರೀನಾ?"

ನೋಡಿದೆ. ಪ್ರತಿಯೊಂದು ರಟ್ಟಿನ ಮೇಲೂ ಎರಡೇ ಪದ: 'ಬಿಟ್ಟುಕೊಡು', 'ಕೇಳು'. ಅವುಗಳ ಮುಂದೆ ಹೆಸರುಗಳು. ಸುಲಭವಾಗಿಯೇ ಇದೆ ಎನಿಸಿತು. ಪಕ್ಕದ ಮನೆಯವರ ಹಳೆಯ ಸೈಕಲ್ ಬೇಕಾದಾಗ ನಾವು "ದಯವಿಟ್ಟು ಬಿಟ್ಟುಕೊಡಿ" ಎನ್ನುವುದಿಲ್ಲವೇ? ಬಿಟ್ಟುಕೊಡು: ಗೆಂಪಾಚಿ. ಸೊರಾ ಬೇಕಾದವರು ನನ್ನನ್ನು ಕೇಳಲಿ, ಕೇಳು: ಸೊರಾ. ದುಂಡಗೆ ಬರೆದು, ಗಾಳಿಗೆ ಬಾಗದಂತೆ ಎರಡೂ ಕೈಯಲ್ಲಿ ಹಿಡಿದು ನಿಂತೆ.

ಬಂದವರೆಲ್ಲ ಓದಿದರು, ಮುಗುಳ್ನಕ್ಕು ಮುಂದೆ ಹೋದರು. ಗುಲಾಬಿ ಬಣ್ಣದ ಟೋಪನ್ ಹಾಕಿದ್ದ ಹುಡುಗಿಯೊಬ್ಬಳು ನಿಂತು, "ಎಲ್ರಿಗೂ ಸೊರಾನೇ ಬೇಕು, ಅಲ್ವಾ ಆಂಟಿ?" ಎಂದಳು.

"ಹೌದಂತಮ್ಮಾ," ಎಂದೆ. ಚೀಲದ ತುಂಬ ಸೊರಾಗಳು, ಒಬ್ಬರಾದರೂ ಕೇಳಬಾರದೇ?

ನಿಂತಲ್ಲಿ ನನ್ನನ್ನು ಕೊರೆಯುತ್ತಿದ್ದದ್ದು ಬೇರೆಯೇ. ಇಷ್ಟು ಚೆಲುವರಿರುವ ಹಡಗಿನಲ್ಲಿ ನನ್ನ ಮಗಳಿಗೆ ಪಾತ್ರೆ ತೊಳೆಯುವ ಮುದುಕನೇ ಏಕೆ ಬೇಕು? ಯಾವಾಗ ಕೇಳಿದರೂ "ಸುಮ್ನೆ" ಎನ್ನುತ್ತಾಳೆ.

ಅಷ್ಟರಲ್ಲಿ ಒಬ್ಬ ಹೆಂಗಸು ಏದುಸಿರು ಬಿಡುತ್ತ ಓಡಿ ಬಂದಳು. ಹೆಚ್ಚು ಕಡಿಮೆ ನನ್ನದೇ ವಯಸ್ಸು, ಕಚೇರಿಗೆ ಹೋಗುವವರ ಬೂದು ಕೋಟು.

"ಅಯ್ಯೋ, ಸಿಕ್ಕಿದ್ರಲ್ಲ! ಗೆಂಪಾಚಿ ಅವರನ್ನ ಕೊಡೋರು ಒಬ್ರೂ ಇಲ್ಲ ಅಂದ್ಕೊಂಡಿದ್ದೆ. ಎಷ್ಟಿದ್ದಾರೆ ನಿಮ್ಮ ಹತ್ರ? ಎಲ್ಲಾ ಕೊಡಿ."

"ನನ್ನ ಹತ್ರ ಇಲ್ಲ. ನನ್ನ ಮಗಳಿಗೇ ಬೇಕು."

ಅವಳು ರಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕಾ, ಉಲ್ಟಾ ಬರ್ದಿದೀರಿ. 'ಬಿಟ್ಟುಕೊಡು' ಅಂದ್ರೆ ನೀವು ಬಿಟ್ಟುಕೊಡೋದು. ಬೇರೆಯವರಿಗೆ ಹೇಳೋದಲ್ಲ. 'ಕೇಳು' ಅಂದ್ರೆ ನಿಮಗೆ ಬೇಕಾದ್ದು."

ಮುಖ ಬಿಸಿಯಾಯಿತು. ತಪ್ಪಾಯಿತೆಂದು ಬಗ್ಗಿದಾಗ ಅವಳ ಚೀಲ ನನ್ನ ಕಣ್ಣಿಗೆ ಬಿತ್ತು. ಮುಂಭಾಗ ಪಾರದರ್ಶಕ, ಒಳಗೆ ಮೇಲಿಂದ ಕೆಳಗಿನವರೆಗೆ ಸಾಲುಸಾಲು ಗೆಂಪಾಚಿಗಳು, ಒಂದೇ ತಲೆವಸ್ತ್ರ, ಒಂದೇ ಸುಕ್ಕುಮುಖ. ಊರಿನ ಗೆಂಪಾಚಿಗಳೆಲ್ಲ ಎಲ್ಲಿ ಹೋದರೆಂಬುದು ಆಗ ತಿಳಿಯಿತು.

ಹಿಂದೆ ಬಂದು ನಿಂತಿದ್ದ ಮಿಚಿರು ಕೂಡ ಅದನ್ನೇ ನೋಡುತ್ತಿದ್ದಳು. "ಆಂಟಿ, ನಿಮಗೂ ತಾತನೇ..."

ಹೆಂಗಸು ತಟ್ಟನೆ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. "ಕ್ಷಮಿಸಿ. ಅವರನ್ನ ಮೆಚ್ಚೋ ಇನ್ನೊಬ್ಬರ ಜೊತೆ ನಾನು ಮಾತಾಡೋದಿಲ್ಲ. ಅದು ನನ್ನ ನಿಯಮ."

ಮೆಚ್ಚಿನವರನ್ನು ಯಾರೊಂದಿಗೂ ಹಂಚಿಕೊಳ್ಳಲಾರದ ಇಂಥವರೂ ಇರುತ್ತಾರೆಂದು ಮಗಳು ನನಗೆ ಮೊದಲೇ ಹೇಳಿದ್ದಳು. ಮಿಚಿರು ಬೇಸರಿಸಿಕೊಳ್ಳಲಿಲ್ಲ. ತಲೆಬಾಗಿಸಿ, ಬೆನ್ನು ತಿರುಗಿಸಿ ಪಕ್ಕಕ್ಕೆ ನಿಂತಳು. ಆದರೆ ಅವಳ ಕಿವಿ ಕೆಂಪಾಗಿತ್ತು.

ನನಗೆ ಆ ನಿಯಮ ತಾಗುವುದಿಲ್ಲವಲ್ಲ ಎಂದು ಹೊಳೆಯಿತು. "ನನಗೆ ಆ ತಾತ ಗೊತ್ತೇ ಇಲ್ಲ," ಎಂದೆ. "ಅಂಥದ್ದೇನಿದೆ ಅವನಲ್ಲಿ?"

ಅಷ್ಟು ಸಾಕಾಯಿತು. "ಏನಿಲ್ಲ ಅಂತ ಕೇಳಿ! ಬಿರುಗಾಳಿ ಕಂತಲ್ಲಿ ಎಲ್ಲರೂ ಹೊರಗೆ ಹೋರಾಡೋಕೆ ಹೋಗ್ತಾರೆ. ಯಾರೂ ಅವರ ಕಡೆ ತಿರುಗೂ ನೋಡಲ್ಲ. ಅವರು ಒಬ್ಬರೇ ಕೂತು ಎಲ್ಲರ ಬಟ್ಟಲೂ ತೊಳೆದು ಕವುಚಿ ಇಡ್ತಾರೆ. ನಾನು ಅದನ್ನ ನೋಡಿದಾಗಲೆಲ್ಲ..."

"ಅಮ್ಮ," ಎಂದಳು ಮಿಚಿರು, ಬೆನ್ನು ತಿರುಗಿಸಿಕೊಂಡೇ. "ಅವರಿಗೆ ಹೇಳು, ಕವುಚಿ ಅಲ್ಲ."

"ನಿಮ್ಮ ಮಗಳಿಗೆ ಹೇಳಿ, ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೀನಿ."

"ಅವರಿಗೆ ಹೇಳಮ್ಮ, ಕವುಚಿ ಇಡೋದು ಊಟ ಮುಗಿದ ಮೇಲೆ. ತಾತ ಮೇಲ್ಮುಖವಾಗಿ ಇಡ್ತಾರೆ. ಅವರೆಲ್ಲ ವಾಪಸ್ ಬಂದು ಉಣ್ಣಬೇಕಲ್ಲ. ಹಡಗು ಅಲ್ಲಾಡ್ತಾ ಇರುತ್ತೆ, ಆದ್ರೂ ಹಾಗೇ ಇಡ್ತಾರೆ. ಹಡಗಿಂದ ಬಿದ್ದುಹೋದ ಹುಡುಗನ ಬಟ್ಟಲೂ."

ಹೆಂಗಸು ಕಣ್ಣು ಮುಚ್ಚಿದಳು. ತುಟಿ ಸಣ್ಣಗೆ ಅಲುಗುತ್ತಿತ್ತು, ದೃಶ್ಯವನ್ನು ಒಳಗೆ ಮೊದಲಿನಿಂದ ಓಡಿಸುತ್ತಿದ್ದಳೇನೋ. ಮನೆಯಲ್ಲಿ ನಾನು ಬಟ್ಟಲುಗಳನ್ನು ಹೇಗಿಡುತ್ತೇನೆಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಮಗಳನ್ನು ಕೇಳಿದರೆ ಹೇಳಿಯಾಳು.

"ಅನ್ನದ ಬಟ್ಟಲು..." ಎಂದಳು ಹೆಂಗಸು ಕಣ್ಣು ತೆರೆದು. "ಒಳಗಡೆ ದೀಪದ ಬೆಳಕು ಬಿದ್ದಿರುತ್ತೆ. ಹೌದು. ಮೇಲ್ಮುಖವಾಗಿದ್ರೇನೆ ಬೀಳೋದು."

ಚೀಲ ಮುಂದೆ ಬಂತು. ಮೂಲೆಯದನ್ನು ಬಿಟ್ಟು ನಡುಸಾಲಿನಿಂದಲೇ ಒಂದು ಬ್ಯಾಡ್ಜನ್ನು ಬಿಚ್ಚಿ ನನ್ನ ಕೈಗಿಟ್ಟಳು. "ನಿಮ್ಮ ಮಗಳಿಗೆ ಕೊಡಿ. ಒಂದಕ್ಕೊಂದು. ಸುಮ್ನೆ ಕೊಟ್ರೆ ಭಿಕ್ಷೆ ಕೊಟ್ಟ ಹಾಗಾಗುತ್ತೆ."

ನನ್ನ ಬಳಿ ಇದ್ದದ್ದು ಸೊರಾಗಳು ಮಾತ್ರ. ಅವಳು ಒಬ್ಬನನ್ನು ತೆಗೆದುಕೊಂಡು, ಅಷ್ಟು ಮುದುಕರ ನಡುವಿನ ಖಾಲಿ ಜಾಗಕ್ಕೆ ಸಿಕ್ಕಿಸಿ, ದೂರದಿಂದ ನೋಡಿ ಮೂಗು ಮುರಿದಳು.

"ಹಾಳಾದೋನು, ಇಲ್ಲೂ ಹಲ್ಲು ಕಿರೀತಾ ಬಂದ. ನೋಡಿ ಅಕ್ಕಾ, ಆ ಬ್ಯಾಡ್ಜನ್ನ ನನ್ನ ಕಣ್ಣೆದುರು ಹಾಕ್ಕೋಬಾರ್ದು ಅಂತ ಹೇಳಿ. ನಿಯಮ ನಿಯಮಾನೇ."

ಮಿಚಿರು ನನ್ನತ್ತ ಬಂದು ಬ್ಯಾಡ್ಜನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮತ್ತೆ ಬೆನ್ನು ತಿರುಗಿಸಿ ತನ್ನ ಚೀಲದ ಪಟ್ಟಿಗೆ ಚುಚ್ಚತೊಡಗಿದಳು. ಪಿನ್ನು ಜಾರುತ್ತಿತ್ತು. ನಾನು ಕೈ ಹಾಕಲಿಲ್ಲ.

ಹೆಂಗಸು ನಿಲ್ದಾಣದ ಕಡೆಗೆ ಹೊರಟವಳು ಸ್ವಲ್ಪ ದೂರ ಹೋಗಿ ನಿಂತಳು. ವಾಪಸ್ ಬಂದಳು. ನನ್ನನ್ನು ದಾಟಿ ಹೋಗಿ, ಮಿಚಿರುವಿನ ಬೆನ್ನ ಹಿಂದೆ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು:

"ಬಿದ್ದುಹೋದ ಹುಡುಗನ ಬಟ್ಟಲು ಅಂದ್ಯಲ್ಲ ಪುಟ್ಟೀ, ಯಾವ ಕಡೆ ಇರುತ್ತೆ ಅದು?"

"ಎಡಗಡೆ ತುದೀಲಿ," ಎಂದಳು ಮಿಚಿರು, ತಿರುಗದೆ. "ಅಂಚು ಸ್ವಲ್ಪ ಒಡೆದಿರುತ್ತೆ, ನೋಡಿ."